ಸ್ಕಾನಿಯಾ ಕಂಪನಿಯ ಒಡೆತನದ ಇತಿಹಾಸ

ಸ್ಕಾನಿಯಾ ಸ್ವೀಡನ್ ದೇಶದ ಸೋಡರ್‌ಟೆಲ್ಯ ನಗರದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ, ಭಾರೀ ಟ್ರಕ್ಕುಗಳು, ಬಸ್ಸುಗಳು ಹಾಗೂ ಡೀಸೆಲ್ ಎಂಜಿನ್‌ಗಳನ್ನು ತಯಾರಿಸುವ ಕಂಪನಿ. ಇದರ ಮೂಲ 1891ರಷ್ಟು ಹಿಂದಕ್ಕೆ ಹೋಗುತ್ತದೆ. ದೀರ್ಘಕಾಲ ಸ್ವೀಡನ್ನಿನ ವಾಲೆನ್‌ಬರ್ಗ್ ಮನೆತನದ ಪ್ರಭಾವದಲ್ಲಿದ್ದ ಈ ಕಂಪನಿಯು 2008ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ ನಿಯಂತ್ರಣಕ್ಕೆ ಒಳಪಟ್ಟಿತು. ಪ್ರಸ್ತುತ ಅದೇ ಸಮೂಹದ ಟ್ರಕ್ ವಿಭಾಗವಾದ ಟ್ರಾಟನ್ ಸಂಸ್ಥೆಯ ಅಂಗವಾಗಿದೆ. 1999ರಿಂದ 2014ರವರೆಗಿನ ಹದಿನೈದು ವರ್ಷಗಳಲ್ಲಿ ವೋಲ್ವೋ, ಫೋಕ್ಸ್‌ವ್ಯಾಗನ್ ಮತ್ತು ಎಂ.ಎ.ಎನ್. ಎಂಬ ಮೂರು ಕಂಪನಿಗಳು ಸ್ಕಾನಿಯಾವನ್ನು ತಮ್ಮದಾಗಿಸಿಕೊಳ್ಳಲು ಯತ್ನಿಸಿದವು. ಇವುಗಳಲ್ಲಿ ಅತಿ ಹೆಚ್ಚು ಹಣ ತೊಡಗಿಸಲು ಮುಂದಾದವರಿಗೆ ಕಂಪನಿ ದಕ್ಕಲಿಲ್ಲ. ಅದರ ಕಾರಣವನ್ನು ತಿಳಿಯಲು ಸ್ಕಾನಿಯಾದ ಷೇರುಗಳ ವಿಶಿಷ್ಟ ರಚನೆಯನ್ನು ಅರಿಯುವುದು ಅವಶ್ಯಕ.

ಹೆಸರು ಮತ್ತು ಲಾಂಛನ

ಸ್ವೀಡನ್ನಿನ ದಕ್ಷಿಣ ತುದಿಯಲ್ಲಿರುವ ಪ್ರಾಂತ್ಯದ ಹೆಸರು ಸ್ಕೋನೆ. ಅದರ ಲ್ಯಾಟಿನ್ ರೂಪವೇ ಸ್ಕಾನಿಯಾ. ಕಂಪನಿಯ ಲಾಂಛನದಲ್ಲಿ ಕಾಣುವ ಕಿರೀಟಧಾರಿ ಗ್ರಿಫಿನ್‌ನ ತಲೆಯು ಆ ಪ್ರಾಂತ್ಯದ ಲಾಂಛನದಿಂದ ಬಂದುದು. ಗ್ರಿಫಿನ್ ಎಂದರೆ ಹದ್ದಿನ ತಲೆ ಹಾಗೂ ಸಿಂಹದ ಒಡಲುಳ್ಳ ಪ್ರಾಣಿ. ನಮ್ಮ ಗಂಡಭೇರುಂಡದಂತೆ ಇದೂ ಕೇವಲ ಕಲ್ಪನೆಯ ಸೃಷ್ಟಿ. ತಲೆಯ ಹಿಂದಿರುವ ಮೂರು ಕಡ್ಡಿಗಳ ಚಕ್ರವು ಬೈಸಿಕಲ್ಲಿನ ಪೆಡಲ್ ಚಕ್ರವನ್ನು ಸೂಚಿಸುತ್ತದೆ. ಟ್ರಕ್ ಕಂಪನಿಯ ಗುರುತಿನಲ್ಲಿ ಬೈಸಿಕಲ್ಲಿನ ಭಾಗ ಏಕಿದೆ ಎಂಬ ಪ್ರಶ್ನೆಗೆ ಕಂಪನಿಯ ಹುಟ್ಟಿನಲ್ಲಿ ಉತ್ತರವಿದೆ.

ಆರಂಭ: ಎರಡು ಕಾರ್ಖಾನೆಗಳು

ಇಂದಿನ ಸ್ಕಾನಿಯಾ ಎರಡು ಪ್ರತ್ಯೇಕ ಉದ್ಯಮಗಳ ಕೂಡುವಿಕೆಯಿಂದ ಆದದ್ದು. ಮೊದಲನೆಯದು, ಸುರಾಹಮ್ಮಾರ್ ಉಕ್ಕಿನ ಕಾರ್ಖಾನೆಯ ಅಂಗಸಂಸ್ಥೆಯಾಗಿ 1891ರಲ್ಲಿ ಸೋಡರ್‌ಟೆಲ್ಯದಲ್ಲಿ ಸ್ಥಾಪನೆಯಾದ ವಾಬಿಸ್. ರೈಲ್ವೆ ಗಾಡಿಗಳನ್ನು ತಯಾರಿಸುವುದು ಅದರ ಉದ್ದೇಶವಾಗಿತ್ತು. ಅಲ್ಲಿನ ಎಂಜಿನಿಯರ್ ಗುಸ್ತಾಫ್ ಎರಿಕ್ಸನ್ 1897ರಲ್ಲಿ ಮೋಟಾರು ವಾಹನವೊಂದನ್ನು ನಿರ್ಮಿಸಿದರು. 1902ರಲ್ಲಿ ವಾಬಿಸ್‌ನ ಮೊದಲ ಟ್ರಕ್ ಹೊರಬಂದಿತು. ಎರಡನೆಯದು, 1900ರಲ್ಲಿ ಮಾಲ್ಮೊ ನಗರದಲ್ಲಿ ಆರಂಭವಾದ ಸ್ಕಾನಿಯಾ ಯಂತ್ರ ಕಾರ್ಖಾನೆ. ಇಂಗ್ಲೆಂಡಿನ ಹಂಬರ್ ಬೈಸಿಕಲ್ ಕಂಪನಿಯ ಸ್ವೀಡನ್ ಶಾಖೆಯಿಂದ ಬೆಳೆದುಬಂದ ಇದು ಮೊದಲಿಗೆ ಬೈಸಿಕಲ್‌ಗಳನ್ನೂ ಬಳಿಕ ಕಾರು ಹಾಗೂ ಟ್ರಕ್ಕುಗಳನ್ನೂ ತಯಾರಿಸಿತು. ಲಾಂಛನದ ಪೆಡಲ್ ಚಕ್ರ ಆ ದಿನಗಳ ನೆನಪು.

1911ರಲ್ಲಿ ಇವೆರಡೂ ವಿಲೀನಗೊಂಡು ಸ್ಕಾನಿಯಾ-ವಾಬಿಸ್ ಎಂಬ ಕಂಪನಿ ರೂಪುಗೊಂಡಿತು. ಹೆಸರಿನಲ್ಲಿ ಮಾಲ್ಮೊ ಮುಂದಿದ್ದರೂ ಕೆಲವೇ ಸಮಯದಲ್ಲಿ ಕೇಂದ್ರ ಕಚೇರಿ ಸೋಡರ್‌ಟೆಲ್ಯಕ್ಕೆ ವರ್ಗಾವಣೆಯಾಯಿತು. ಒಡೆಯರು ಎಷ್ಟು ಬಾರಿ ಬದಲಾದರೂ ಅದು ಅಲ್ಲಿಂದ ಕದಲಿಲ್ಲ.

ವಾಲೆನ್‌ಬರ್ಗ್ ಮನೆತನ

ಮೊದಲ ಮಹಾಯುದ್ಧದ ನಂತರ ಯೂರೋಪಿನ ಮಾರುಕಟ್ಟೆಯಲ್ಲಿ ಸೇನೆಗಳು ಬಳಸಿ ಬಿಟ್ಟ ಟ್ರಕ್ಕುಗಳು ತುಂಬಿಹೋದವು. ಜೊತೆಗೆ ಆರ್ಥಿಕ ಕುಸಿತವೂ ಬಂದಿತು. 1921ರಲ್ಲಿ ಸ್ಕಾನಿಯಾ-ವಾಬಿಸ್ ದಿವಾಳಿಯಾಯಿತು. ವಾಲೆನ್‌ಬರ್ಗ್ ಮನೆತನಕ್ಕೆ ಸೇರಿದ ಸ್ಟಾಕ್‌ಹೋಮ್ಸ್ ಎನ್‌ಸ್ಕಿಲ್ಡಾ ಬ್ಯಾಂಕ್ ಮುಂದೆ ಬಂದು, ಅದೇ ಹೆಸರಿನ ಹೊಸ ಕಂಪನಿಯ ಮೂಲಕ ಉದ್ಯಮವನ್ನು ಮುಂದುವರಿಸಿತು. ಈ ಮನೆತನದ ಹೆಸರು ಸ್ವೀಡನ್ನಿನ ಕೈಗಾರಿಕಾ ಇತಿಹಾಸದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅವರು ಕಂಪನಿಗಳ ದೈನಂದಿನ ಆಡಳಿತವನ್ನು ವೃತ್ತಿಪರ ವ್ಯವಸ್ಥಾಪಕರಿಗೆ ಬಿಟ್ಟು, ಬ್ಯಾಂಕ್, ಪ್ರತಿಷ್ಠಾನಗಳು ಹಾಗೂ ಇನ್ವೆಸ್ಟರ್ ಎಂಬ ಹೂಡಿಕೆ ಕಂಪನಿಯ ಮೂಲಕ ಮತಬಲವನ್ನು ತಮ್ಮಲ್ಲಿರಿಸಿಕೊಳ್ಳುತ್ತಿದ್ದರು. 1921ರಲ್ಲಿ ಸಾಲಕ್ಕೆ ಸಿಕ್ಕ ಕಂಪನಿಯೊಂದು ಎಂಟು ದಶಕಗಳಿಗೂ ಮೀರಿ ಅವರ ಪ್ರಭಾವದಲ್ಲಿ ಉಳಿಯಿತು.

ಈ ಅವಧಿಯ ಒಂದು ಸಂಗತಿ ಗಮನಾರ್ಹ. 1948ರಲ್ಲಿ ಸ್ಕಾನಿಯಾ-ವಾಬಿಸ್ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರುಗಳನ್ನು ಸ್ವೀಡನ್ನಿನಲ್ಲಿ ಮಾರುವ ಮುಖ್ಯ ಏಜೆಂಟ್ ಆಯಿತು. ಯುದ್ಧದಲ್ಲಿ ಸೋತ ದೇಶದ, ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಆ ಕಾರು ಕಾರ್ಖಾನೆ ಅರವತ್ತು ವರ್ಷಗಳ ಬಳಿಕ ತನ್ನ ಏಜೆಂಟನನ್ನೇ ಕೊಳ್ಳಬಹುದೆಂದು ಅಂದು ಯಾರೂ ಊಹಿಸಿರಲಾರರು.

ಕಂಪನಿಯ ವಿದೇಶಿ ವಿಸ್ತರಣೆಯೂ ಈ ಕಾಲದ್ದೇ. 1957ರಲ್ಲಿ ಬ್ರೆಜಿಲ್‌ನಲ್ಲಿ ಅಂಗಸಂಸ್ಥೆ ಆರಂಭವಾಯಿತು. 1964ರಲ್ಲಿ ನೆದರ್‌ಲೆಂಡ್ಸ್‌ನ ಜ್ವೋಲೆ ನಗರದಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು.

ಸಾಬ್-ಸ್ಕಾನಿಯಾ (1969–1995)

1969ರಲ್ಲಿ ಸ್ಕಾನಿಯಾ-ವಾಬಿಸ್ ಕಂಪನಿಯು, ಯುದ್ಧವಿಮಾನ ಮತ್ತು ಕಾರುಗಳನ್ನು ತಯಾರಿಸುತ್ತಿದ್ದ ಸಾಬ್ ಕಂಪನಿಯೊಂದಿಗೆ ವಿಲೀನಗೊಂಡು ಸಾಬ್-ಸ್ಕಾನಿಯಾ ಆಯಿತು. ಎರಡರಲ್ಲೂ ವಾಲೆನ್‌ಬರ್ಗ್‌ರ ಪ್ರಭಾವವಿದ್ದುದರಿಂದ ಇದು ಒಂದೇ ಮನೆಯ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದಂತಿತ್ತು. ಹೆಸರಿನಿಂದ ವಾಬಿಸ್ ಮರೆಯಾದದ್ದೂ ಈ ಸಮಯದಲ್ಲೇ. ಅದೇ ವರ್ಷ ಹೊರಬಂದ 14 ಲೀಟರ್‌ಗಳ, 350 ಅಶ್ವಶಕ್ತಿಯ ವಿ8 ಎಂಜಿನ್ ಸ್ಕಾನಿಯಾ ಟ್ರಕ್ಕುಗಳಿಗೆ ಹೊಸ ಖ್ಯಾತಿ ತಂದಿತು.

1977ರ ಮೇ ತಿಂಗಳಲ್ಲಿ ವೋಲ್ವೋ ಮತ್ತು ಸಾಬ್-ಸ್ಕಾನಿಯಾ ವಿಲೀನಗೊಳ್ಳಲಿವೆ ಎಂಬ ಪ್ರಕಟಣೆ ಹೊರಬಿತ್ತು. ಸ್ಕಾನಿಯಾ ವಿಭಾಗದೊಳಗೆ ಇದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಟ್ರಕ್ ಮಾರುಕಟ್ಟೆಯಲ್ಲಿ ವೋಲ್ವೋ ಅವರ ನೇರ ಪ್ರತಿಸ್ಪರ್ಧಿಯಾಗಿತ್ತು. ಆಗಸ್ಟ್ ವೇಳೆಗೆ ಯೋಜನೆಯನ್ನು ಕೈಬಿಡಲಾಯಿತು. ಇಪ್ಪತ್ತೆರಡು ವರ್ಷಗಳ ನಂತರ ವೋಲ್ವೋ ಮರಳಿ ಬಂದಾಗ ಈ ನೆನಪು ಸೋಡರ್‌ಟೆಲ್ಯದಲ್ಲಿ ಇನ್ನೂ ಹಸಿಯಾಗಿಯೇ ಇತ್ತು.

ಮುಂದೆ ಈ ಕೂಡುಕಂಪನಿ ಹಂತಹಂತವಾಗಿ ಬಿಡಿಯಾಯಿತು. 1990ರಲ್ಲಿ ಕಾರು ವಿಭಾಗ ಬೇರೆಯಾಗಿ, ಅದರ ಅರ್ಧ ಪಾಲನ್ನು ಅಮೆರಿಕದ ಜನರಲ್ ಮೋಟಾರ್ಸ್ ಕೊಂಡಿತು. 1991ರಲ್ಲಿ ಇನ್ವೆಸ್ಟರ್ ಸಾಬ್-ಸ್ಕಾನಿಯಾವನ್ನು ಸಂಪೂರ್ಣವಾಗಿ ಸ್ವಾಧೀನಪಡಿಸಿಕೊಂಡಿತು. 1995ರಲ್ಲಿ ವಿಮಾನದ ಸಾಬ್ ಮತ್ತು ಟ್ರಕ್ಕಿನ ಸ್ಕಾನಿಯಾ ಪ್ರತ್ಯೇಕ ಕಂಪನಿಗಳಾದವು. 1996ರ ಏಪ್ರಿಲ್‌ನಲ್ಲಿ ಸ್ಕಾನಿಯಾ ಷೇರುಗಳು ಸ್ಟಾಕ್‌ಹೋಮ್ ಮತ್ತು ನ್ಯೂಯಾರ್ಕ್ ಷೇರುಪೇಟೆಗಳನ್ನು ಪ್ರವೇಶಿಸಿದವು.

ಎ ಷೇರು ಮತ್ತು ಬಿ ಷೇರು

ಷೇರುಪೇಟೆಗೆ ಬಂದಾಗ ಸ್ಕಾನಿಯಾದ ಒಟ್ಟು 20 ಕೋಟಿ ಷೇರುಗಳಿದ್ದವು: 10 ಕೋಟಿ ಎ ಷೇರು, 10 ಕೋಟಿ ಬಿ ಷೇರು. ಲಾಭಾಂಶದಲ್ಲಿ ಎರಡಕ್ಕೂ ಸಮಾನ ಪಾಲು. ಆದರೆ ಷೇರುದಾರರ ಸಭೆಯಲ್ಲಿ ಎ ಷೇರಿಗೆ ಒಂದು ಮತ, ಬಿ ಷೇರಿಗೆ ಹತ್ತನೇ ಒಂದು ಮತ. ಸ್ವೀಡನ್ನಿನ ಅನೇಕ ದೊಡ್ಡ ಕಂಪನಿಗಳಲ್ಲಿ ಈ ಪದ್ಧತಿಯುಂಟು. ಬಂಡವಾಳವನ್ನು ಹೊರಗಿನಿಂದ ತಂದರೂ ನಿಯಂತ್ರಣವನ್ನು ಹಳೆಯ ಒಡೆಯರಲ್ಲೇ ಉಳಿಸುವುದು ಇದರ ಪರಿಣಾಮ.

ಲೆಕ್ಕ ಸರಳವಾಗಿದೆ. ಎ ಷೇರುಗಳಿಂದ 10 ಕೋಟಿ ಮತ, ಬಿ ಷೇರುಗಳಿಂದ 1 ಕೋಟಿ ಮತ. ಒಟ್ಟು 11 ಕೋಟಿ. ಎ ಷೇರುಗಳು ಬಂಡವಾಳದಲ್ಲಿ ಅರ್ಧ ಮಾತ್ರವಾದರೂ ಮತಗಳಲ್ಲಿ ಶೇ. 91ರಷ್ಟಾಗುತ್ತವೆ. ಬಿ ಷೇರುಗಳನ್ನು ಒಂದೂ ಬಿಡದೆ ಕೊಂಡವನಿಗೂ ಸಿಗುವುದು ಶೇ. 9ರಷ್ಟು ಮತ. ಮುಂದಿನ ಘಟನೆಗಳನ್ನು ಓದುವಾಗ ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕೊಳ್ಳುವವರಿಗೆ ಸ್ಕಾನಿಯಾ ಇಷ್ಟೊಂದು ಆಕರ್ಷಕವಾಗಿದ್ದುದಕ್ಕೆ ತಾಂತ್ರಿಕ ಕಾರಣವೂ ಇತ್ತು. ಸೀಮಿತ ಸಂಖ್ಯೆಯ ಕ್ಯಾಬಿನ್, ಎಂಜಿನ್, ಗೇರ್‌ಬಾಕ್ಸ್ ಹಾಗೂ ಚಾಸಿಸ್ ಭಾಗಗಳನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿ, ಗಿರಾಕಿಯ ಅಗತ್ಯಕ್ಕೆ ತಕ್ಕ ಟ್ರಕ್ಕನ್ನು ಕೊಡುವ ವಿಧಾನವನ್ನು ಕಂಪನಿ ದಶಕಗಳಿಂದ ರೂಢಿಸಿಕೊಂಡಿತ್ತು. ಅಕ್ಷರಗಳು ಕೆಲವೇ ಆದರೂ ಅವುಗಳಿಂದ ಅಸಂಖ್ಯ ಪದಗಳನ್ನು ರಚಿಸುವಂತೆ. ಇದರಿಂದ ತಯಾರಿಕೆಯ ವೆಚ್ಚವೂ ಬಿಡಿಭಾಗಗಳ ದಾಸ್ತಾನೂ ತಗ್ಗುತ್ತಿದ್ದವು.

ವೋಲ್ವೋ ಪ್ರಯತ್ನ (1999–2000)

1999ರ ಜನವರಿಯಲ್ಲಿ, ತಾನು ಸ್ಕಾನಿಯಾದ ಸುಮಾರು ಶೇ. 13ರಷ್ಟು ಷೇರುಗಳನ್ನು ಈಗಾಗಲೇ ಕೊಂಡಿರುವುದಾಗಿ ವೋಲ್ವೋ ಪ್ರಕಟಿಸಿತು. ಅದೇ ವರ್ಷ ವೋಲ್ವೋ ತನ್ನ ಕಾರು ವಿಭಾಗವನ್ನು ಫೋರ್ಡ್ ಕಂಪನಿಗೆ ಮಾರಿ ಕೈಯಲ್ಲಿ ಸಾಕಷ್ಟು ನಗದನ್ನು ಹೊಂದಿತ್ತು. ಇನ್ನು ಮುಂದೆ ಟ್ರಕ್ಕುಗಳಲ್ಲೇ ಬೆಳೆಯುವುದು ಅದರ ಆಲೋಚನೆ. ಆಗಸ್ಟ್‌ನಲ್ಲಿ ಇನ್ವೆಸ್ಟರ್ ತನ್ನ ಪಾಲನ್ನು ಮಾರಲು ಒಪ್ಪಿತು. ಇಡೀ ಸ್ಕಾನಿಯಾಕ್ಕೆ ನಿಗದಿಯಾದ ಮೌಲ್ಯ ಸುಮಾರು 6,070 ಕೋಟಿ ಸ್ವೀಡಿಷ್ ಕ್ರೋನ. ಒಪ್ಪಂದ ಜಾರಿಯಾಗಿದ್ದರೆ ಭಾರೀ ಟ್ರಕ್ ತಯಾರಿಕೆಯಲ್ಲಿ ಡೈಮ್ಲರ್‌ಕ್ರೈಸ್ಲರ್ ನಂತರದ ಸ್ಥಾನ ಈ ಜೋಡಿಗೆ ಸಲ್ಲುತ್ತಿತ್ತು.

ತಡೆ ಬಂದದ್ದು ಬ್ರಸೆಲ್ಸ್‌ನಿಂದ. ಯೂರೋಪಿಯನ್ ಒಕ್ಕೂಟದೊಳಗಿನ ದೊಡ್ಡ ವಿಲೀನಗಳಿಗೆ ಯೂರೋಪಿಯನ್ ಆಯೋಗದ ಅನುಮತಿ ಬೇಕು. ಸ್ವೀಡನ್ನಿನಲ್ಲಿ ಮಾರಾಟವಾಗುವ ಭಾರೀ ಟ್ರಕ್ಕುಗಳಲ್ಲಿ ಶೇ. 90ರ ಆಸುಪಾಸು ಈ ಎರಡೇ ಕಂಪನಿಗಳದಾಗಿತ್ತು. ನಾರ್ವೆ, ಫಿನ್‌ಲೆಂಡ್, ಡೆನ್ಮಾರ್ಕ್ ಮತ್ತು ಐರ್‌ಲೆಂಡ್‌ಗಳಲ್ಲೂ ಇವುಗಳ ಒಟ್ಟು ಪಾಲು ದೊಡ್ಡದಾಗಿತ್ತು. ಯೂರೋಪನ್ನು ಒಂದೇ ಮಾರುಕಟ್ಟೆಯೆಂದು ಪರಿಗಣಿಸಬೇಕೆಂದು ವೋಲ್ವೋ ವಾದಿಸಿತು. ಟ್ರಕ್ಕಿನ ಬೆಲೆ, ದುರಸ್ತಿ ಜಾಲ, ಗಿರಾಕಿಗಳ ರೂಢಿ ಇವೆಲ್ಲ ದೇಶದಿಂದ ದೇಶಕ್ಕೆ ಭಿನ್ನವಾಗಿರುವುದರಿಂದ ಪ್ರತಿ ದೇಶವನ್ನೂ ಬೇರೆಯಾಗಿಯೇ ನೋಡಬೇಕೆಂಬುದು ಆಯೋಗದ ನಿಲುವು. ವೋಲ್ವೋ ಕೊಟ್ಟ ಭರವಸೆಗಳು ಸಾಲವೆಂದು 2000ದ ಮಾರ್ಚ್‌ನಲ್ಲಿ ಆಯೋಗವು ವಿಲೀನವನ್ನು ನಿಷೇಧಿಸಿತು.

ಚಿಕ್ಕ ದೇಶದ ಕಂಪನಿಗಳು ತಮ್ಮ ತವರಿನಲ್ಲಿ ಬಲವಾಗಿರುವುದು ಸಹಜ. ಅದಕ್ಕಾಗಿ ಅವು ಒಂದಾಗಿ ಬೆಳೆಯಬಾರದೆಂದರೆ ದೊಡ್ಡ ದೇಶದ ಕಂಪನಿಗಳು ಅವನ್ನು ಕೊಂಡುಬಿಡುತ್ತವೆ ಎಂಬ ಆಕ್ಷೇಪ ಸ್ವೀಡನ್ನಿನಲ್ಲಿ ಕೇಳಿಬಂದಿತು. ಸ್ಕಾನಿಯಾದ ಮಟ್ಟಿಗೆ ನಡೆದದ್ದೂ ಅದೇ. ಆದರೆ ಹತ್ತರಲ್ಲಿ ಒಂಬತ್ತು ಟ್ರಕ್ಕುಗಳನ್ನು ಒಬ್ಬನೇ ಮಾರುವ ದೇಶದಲ್ಲಿ ಲಾರಿ ಮಾಲೀಕನ ಸ್ಥಿತಿ ಏನಾಗುತ್ತಿತ್ತು ಎಂಬುದನ್ನು ಆಯೋಗ ಕಡೆಗಣಿಸಲಾಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಫೋಕ್ಸ್‌ವ್ಯಾಗನ್ ಪ್ರವೇಶ

ಆಯೋಗದ ತೀರ್ಪು ಬಂದ ಎರಡು ವಾರಗಳೊಳಗೆ ಇನ್ವೆಸ್ಟರ್ ಸಂಸ್ಥೆಯು ಬೇರೊಬ್ಬ ಖರೀದಿದಾರನನ್ನು ಕಂಡುಕೊಂಡಿತು. ಫೆರ್ಡಿನಾಂಡ್ ಪೀಎಖ್ ಅವರ ನೇತೃತ್ವದಲ್ಲಿದ್ದ ಫೋಕ್ಸ್‌ವ್ಯಾಗನ್ ಸ್ಕಾನಿಯಾದ ಬಂಡವಾಳದಲ್ಲಿ ಶೇ. 18.7ರಷ್ಟನ್ನು ಕೊಂಡು ಶೇ. 34ರಷ್ಟು ಮತಗಳನ್ನು ಪಡೆಯಿತು. ಮೇಲಿನ ಲೆಕ್ಕದೊಡನೆ ಇದನ್ನು ಹೋಲಿಸಿ ನೋಡಬಹುದು. 20 ಕೋಟಿಯಲ್ಲಿ ಶೇ. 18.7 ಎಂದರೆ 3.74 ಕೋಟಿ ಷೇರುಗಳು. 11 ಕೋಟಿ ಮತಗಳಲ್ಲಿ ಶೇ. 34 ಎಂದರೂ 3.74 ಕೋಟಿಯೇ. ಅಂದರೆ ಕೊಂಡ ಪ್ರತಿಯೊಂದು ಷೇರೂ ಎ ವರ್ಗದ್ದು.

ವೋಲ್ವೋ ಬಳಿ ಆ ವೇಳೆಗೆ 9.1 ಕೋಟಿ ಷೇರುಗಳಿದ್ದವು, ಎಂದರೆ ಬಂಡವಾಳದ ಶೇ. 45ಕ್ಕೂ ಹೆಚ್ಚು. ಅವುಗಳಲ್ಲಿ ಎ ವರ್ಗದವು 2.73 ಕೋಟಿ ಮಾತ್ರ. ಆದ್ದರಿಂದ ಮತಗಳು ಶೇ. 31ಕ್ಕೂ ಕಡಿಮೆ. ಫೋಕ್ಸ್‌ವ್ಯಾಗನ್‌ಗಿಂತ ಎರಡೂವರೆ ಪಟ್ಟು ಷೇರುಗಳನ್ನು ಹೊಂದಿಯೂ ವೋಲ್ವೋ ಮತಬಲದಲ್ಲಿ ಹಿಂದಿತ್ತು.

ನಂತರ ವೋಲ್ವೋ ಫ್ರಾನ್ಸಿನ ರೆನೋ ಟ್ರಕ್ ವಿಭಾಗವನ್ನೂ ಅದರೊಡನೆ ಅಮೆರಿಕದ ಮ್ಯಾಕ್ ಕಂಪನಿಯನ್ನೂ ತನ್ನದಾಗಿಸಿಕೊಂಡಿತು. ಅದಕ್ಕೆ ಅನುಮತಿ ನೀಡುವಾಗ, ಸ್ಕಾನಿಯಾ ಷೇರುಗಳನ್ನು ನಿಗದಿತ ಅವಧಿಯಲ್ಲಿ ಬಿಟ್ಟುಕೊಡಬೇಕೆಂದು ಯೂರೋಪಿಯನ್ ಆಯೋಗ ವಿಧಿಸಿತು. 2004ರಲ್ಲಿ ವೋಲ್ವೋ ಬಿ ಷೇರುಗಳನ್ನು ಡಾಯ್ಚೆ ಬ್ಯಾಂಕಿಗೆ ಮಾರಿತು. ಎ ಷೇರುಗಳನ್ನು ಐನಾಕ್ಸ್ ಎಂಬ ಹೊಸ ಕಂಪನಿಯಲ್ಲಿಟ್ಟು, ಆ ಕಂಪನಿಯ ಷೇರುಗಳನ್ನು ತನ್ನ ಷೇರುದಾರರಿಗೆ ಹಂಚಿತು. ಸ್ಕಾನಿಯಾ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ತಿರುಗುಮುರುಗಾಗಿ ಓದಿದರೆ ಹೆಚ್ಚುಕಡಿಮೆ ಐನಾಕ್ಸ್ ಆಗುತ್ತದೆ! ಮುಂದೆ ಸ್ಕಾನಿಯಾವೇ ಐನಾಕ್ಸನ್ನು ಕೊಂಡು ಈ ಅಧ್ಯಾಯವನ್ನು ಮುಗಿಸಿತು.

ಎಂ.ಎ.ಎನ್. ದಾಳಿ (2006–2007)

ಎಂ.ಎ.ಎನ್. ಜರ್ಮನಿಯ ಮ್ಯೂನಿಕ್ ಮೂಲದ ಟ್ರಕ್ ಕಂಪನಿ. 2006ರ ಸೆಪ್ಟೆಂಬರ್‌ನಲ್ಲಿ ಅದು ಸ್ಕಾನಿಯಾದ ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ 960 ಕೋಟಿ ಯೂರೊಗಳ ಖರೀದಿ ಪ್ರಸ್ತಾವವನ್ನು ಮುಂದಿಟ್ಟಿತು. ಬಳಿಕ ಅದನ್ನು 1,000 ಕೋಟಿ ಮೀರುವಂತೆ ಹೆಚ್ಚಿಸಿತು. ಎಂ.ಎ.ಎನ್. ಮುಖ್ಯಸ್ಥರಾಗಿದ್ದ ಹೋಕನ್ ಸ್ಯಾಮ್ಯುಯೆಲ್ಸನ್ ಸ್ವತಃ ಸ್ವೀಡನ್ನಿನವರು ಮತ್ತು ಹಿಂದೆ ಬಹುಕಾಲ ಸ್ಕಾನಿಯಾದಲ್ಲೇ ಕೆಲಸ ಮಾಡಿದವರು. ಸ್ಕಾನಿಯಾದ ಮುಖ್ಯಸ್ಥ ಲೇಫ್ ಓಸ್ಟ್‌ಲಿಂಗ್ ಈ ಪ್ರಸ್ತಾವವನ್ನು ಹಿಟ್ಲರನ ಕಾಲದ ಜರ್ಮನ್ ಸೇನೆಯ ಮಿಂಚಿನ ದಾಳಿಗೆ ಹೋಲಿಸಿ, ಆ ಮಾತಿಗಾಗಿ ನಂತರ ಕ್ಷಮೆ ಕೋರಿದರು. ವಿವಾದ ಎಷ್ಟು ಕಾವೇರಿತ್ತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ವಾಲೆನ್‌ಬರ್ಗ್‌ರೂ ಫೋಕ್ಸ್‌ವ್ಯಾಗನ್‌ನವರೂ ಮಾರಲು ಒಪ್ಪಲಿಲ್ಲ. ಎ ಷೇರುಗಳ ಬಹುಪಾಲು ಇವರಿಬ್ಬರ ಕೈಯಲ್ಲಿ ಇದ್ದುದರಿಂದ ಉಳಿದವರೆಲ್ಲರೂ ಮಾರಿದರೂ ಎಂ.ಎ.ಎನ್.ಗೆ ಬಹುಮತ ಸಿಗುವಂತಿರಲಿಲ್ಲ. ಇಷ್ಟರಲ್ಲೇ ಫೋಕ್ಸ್‌ವ್ಯಾಗನ್ ಎಂ.ಎ.ಎನ್.ನ ಷೇರುಗಳನ್ನೇ ಕೊಳ್ಳತೊಡಗಿ ಅದರ ಅತಿದೊಡ್ಡ ಷೇರುದಾರನಾಯಿತು. ಬೇಟೆಯಾಡಲು ಬಂದವನೇ ಬೇಟೆಯಾದ. 2007ರ ಜನವರಿಯಲ್ಲಿ ಎಂ.ಎ.ಎನ್. ಪ್ರಸ್ತಾವವನ್ನು ಹಿಂತೆಗೆದುಕೊಂಡಿತು. 2011ರಲ್ಲಿ ಅದೂ ಫೋಕ್ಸ್‌ವ್ಯಾಗನ್‌ನ ಬಹುಮತದ ಒಡೆತನಕ್ಕೆ ಸೇರಿತು.

ನಿಯಂತ್ರಣದ ಹಸ್ತಾಂತರ (2008)

2008ರ ಮಾರ್ಚ್‌ನಲ್ಲಿ ಇನ್ವೆಸ್ಟರ್ ಹಾಗೂ ವಾಲೆನ್‌ಬರ್ಗ್ ಪ್ರತಿಷ್ಠಾನಗಳು ತಮ್ಮ ಪಾಲನ್ನು ಷೇರಿಗೆ 200 ಕ್ರೋನದಂತೆ, ಒಟ್ಟು ಸುಮಾರು 2,700 ಕೋಟಿ ಕ್ರೋನಗಳಿಗೆ ಫೋಕ್ಸ್‌ವ್ಯಾಗನ್‌ಗೆ ಮಾರಲು ಒಪ್ಪಿದವು. ಇದರಿಂದ ಫೋಕ್ಸ್‌ವ್ಯಾಗನ್‌ನ ಮತಬಲ ಸುಮಾರು ಶೇ. 38ರಿಂದ ಶೇ. 68.6ಕ್ಕೆ ಏರಿತು. 1921ರಲ್ಲಿ ಆರಂಭವಾದ ವಾಲೆನ್‌ಬರ್ಗ್ ನಂಟು ಅಲ್ಲಿಗೆ ಮುಗಿಯಿತು.

ಷೇರುಪೇಟೆಯಲ್ಲಿ ಉಳಿದ ಸಾಮಾನ್ಯ ಷೇರುದಾರರಿಗೆ ಆಗ ಈ ಬೆಲೆ ದೊರೆಯಲಿಲ್ಲ. ಮರುವರ್ಷ ಇನ್ನೊಂದು ವಿಚಿತ್ರ ಪ್ರಸಂಗ ನಡೆಯಿತು. ಪೋರ್ಷೆ ಕಂಪನಿಯು ಫೋಕ್ಸ್‌ವ್ಯಾಗನ್‌ನ ಮೇಲೆ ಹಿಡಿತ ಸಾಧಿಸಿದಾಗ, ಪರೋಕ್ಷವಾಗಿ ಸ್ಕಾನಿಯಾದ ಒಡೆತನವೂ ಅದಕ್ಕೆ ಬಂದಂತಾಯಿತು. ಸ್ವೀಡನ್ನಿನ ಕಾನೂನಿನಂತೆ ಪೋರ್ಷೆ ಉಳಿದ ಷೇರುದಾರರಿಗೆ ಖರೀದಿ ಪ್ರಸ್ತಾವ ಮಾಡಲೇಬೇಕಾಯಿತು. ಸ್ಕಾನಿಯಾ ಷೇರುಗಳ ಆಸೆ ತನಗಿಲ್ಲದ ಕಾರಣ ಅದು ಕಾನೂನು ಒಪ್ಪುವ ಕನಿಷ್ಠ ಬೆಲೆಯನ್ನಷ್ಟೇ ಮುಂದಿಟ್ಟಿತು. ಹಾಗೂ ಸಿಕ್ಕ ಷೇರುಗಳು ಅನಂತರ ಫೋಕ್ಸ್‌ವ್ಯಾಗನ್‌ಗೆ ಸೇರಿದವು.

ಪೂರ್ಣ ಒಡೆತನ (2014)

ಬಹುಮತವಿದ್ದ ಮೇಲೆ ಉಳಿದುದನ್ನೂ ಕೊಳ್ಳುವ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಹೊರಗಿನ ಷೇರುದಾರರು ಇರುವವರೆಗೆ ಸ್ಕಾನಿಯಾದ ಆಡಳಿತ ಮಂಡಳಿ ಅವರ ಹಿತವನ್ನೂ ಕಾಯಬೇಕಿತ್ತು. ತಾಂತ್ರಿಕ ಜ್ಞಾನವನ್ನಾಗಲಿ ಗೇರ್‌ಬಾಕ್ಸ್‌ನ ವಿನ್ಯಾಸವನ್ನಾಗಲಿ ಸೋದರ ಕಂಪನಿಯಾದ ಎಂ.ಎ.ಎನ್.ಗೆ ಸುಮ್ಮನೆ ಕೊಡುವಂತಿರಲಿಲ್ಲ.

2014ರ ಫೆಬ್ರವರಿಯಲ್ಲಿ ಫೋಕ್ಸ್‌ವ್ಯಾಗನ್ ಉಳಿದ ಎಲ್ಲ ಷೇರುಗಳಿಗೂ ತಲಾ 200 ಕ್ರೋನ, ಒಟ್ಟು ಸುಮಾರು 670 ಕೋಟಿ ಯೂರೊ ಕೊಡುವುದಾಗಿ ಪ್ರಕಟಿಸಿತು. ಸ್ಕಾನಿಯಾ ಮಂಡಳಿಯ ಸ್ವತಂತ್ರ ಸದಸ್ಯರ ಸಮಿತಿಯು ಈ ಬೆಲೆ ಕಡಿಮೆಯಾಯಿತೆಂದೂ ಷೇರುದಾರರು ಒಪ್ಪಬಾರದೆಂದೂ ಸಲಹೆಯಿತ್ತಿತು. ಪಿಂಚಣಿ ಹಣವನ್ನು ನಿರ್ವಹಿಸುವ ಸ್ವೀಡನ್ನಿನ ಕೆಲವು ದೊಡ್ಡ ಸಂಸ್ಥೆಗಳೂ ಹಿಂಜರಿದವು. ಶೇ. 90ರ ಗಡಿ ದಾಟಿದರೆ ಮಾತ್ರ ಉಳಿದವರ ಷೇರುಗಳನ್ನು ಕಡ್ಡಾಯವಾಗಿ ಕೊಳ್ಳಲು ಸ್ವೀಡನ್ ಕಾನೂನು ಅವಕಾಶ ಕೊಡುತ್ತದೆ. ಆದ್ದರಿಂದ ಈ ಸಂಸ್ಥೆಗಳ ನಿರ್ಧಾರಕ್ಕೆ ಮಹತ್ವ ಬಂದಿತು. ಕೊನೆಗೂ ಮೇ ತಿಂಗಳಲ್ಲಿ ಅಲ್ಪ ಅಂತರದಿಂದ ಆ ಗಡಿ ದಾಟಿತು. ಜೂನ್‌ನಲ್ಲಿ ಸ್ಕಾನಿಯಾ ಷೇರುಗಳು ಸ್ಟಾಕ್‌ಹೋಮ್ ಷೇರುಪೇಟೆಯ ಪಟ್ಟಿಯಿಂದ ಹೊರಹೋದವು.

ಟ್ರಾಟನ್

ಫೋಕ್ಸ್‌ವ್ಯಾಗನ್ 2015ರಲ್ಲಿ ತನ್ನ ಟ್ರಕ್ ಮತ್ತು ಬಸ್ ಉದ್ಯಮಗಳನ್ನು ಒಂದು ಪ್ರತ್ಯೇಕ ಕಂಪನಿಯ ಅಡಿಯಲ್ಲಿ ತಂದಿತು. ಡೈಮ್ಲರ್‌ನಿಂದ ಬಂದ ಆಂಡ್ರಿಯಾಸ್ ರೆನ್‌ಷ್ಲರ್ ಅದರ ಮುಖ್ಯಸ್ಥರಾದರು. 2018ರಲ್ಲಿ ಅದಕ್ಕೆ ಟ್ರಾಟನ್ ಎಂಬ ಹೆಸರಾಯಿತು. 2019ರ ಜೂನ್‌ನಲ್ಲಿ ಟ್ರಾಟನ್ ಷೇರುಗಳು ಫ್ರಾಂಕ್‌ಫರ್ಟ್ ಹಾಗೂ ಸ್ಟಾಕ್‌ಹೋಮ್‌ಗಳಲ್ಲಿ ಮಾರಾಟಕ್ಕೆ ಬಂದವು. ಹೀಗೆ ಐದು ವರ್ಷಗಳ ಬಳಿಕ ಸ್ಕಾನಿಯಾದ ಒಂದಂಶವನ್ನು ಸ್ಟಾಕ್‌ಹೋಮ್‌ನಲ್ಲಿ ಮತ್ತೆ ಕೊಳ್ಳಲು ಸಾಧ್ಯವಾಯಿತಾದರೂ ಬಹುದೊಡ್ಡ ಪಾಲು ಫೋಕ್ಸ್‌ವ್ಯಾಗನ್‌ನಲ್ಲೇ ಉಳಿದಿದೆ. 2021ರಲ್ಲಿ ಅಮೆರಿಕದ ನ್ಯಾವಿಸ್ಟಾರ್ ಕಂಪನಿಯೂ ಟ್ರಾಟನ್‌ಗೆ ಸೇರಿತು.

ಒಂದೇ ಸಮೂಹದಲ್ಲಿದ್ದರೂ ಸೋದರ ಕಂಪನಿಗಳ ಹಾದಿ ಬೇರೆಯಾಗಬಹುದೆಂಬುದಕ್ಕೆ ಒಂದು ಉದಾಹರಣೆಯಿದೆ. ಯೂರೋಪಿನ ಟ್ರಕ್ ತಯಾರಕರು ಹಲವು ವರ್ಷಗಳ ಕಾಲ ಒಳಗೊಳಗೇ ಬೆಲೆಗಳ ಬಗ್ಗೆ ಹೊಂದಾಣಿಕೆ ಮಾಡಿಕೊಂಡಿದ್ದರೆಂದು ಯೂರೋಪಿಯನ್ ಆಯೋಗವು ನಿರ್ಣಯಿಸಿತು. ಗುಟ್ಟನ್ನು ಆಯೋಗಕ್ಕೆ ತಿಳಿಸಿದ ಎಂ.ಎ.ಎನ್. ದಂಡದಿಂದ ಪೂರ್ಣ ವಿನಾಯಿತಿ ಪಡೆಯಿತು. ಇತರ ಕಂಪನಿಗಳು 2016ರಲ್ಲಿ ರಾಜಿ ಮಾಡಿಕೊಂಡವು. ಸ್ಕಾನಿಯಾ ಮಾತ್ರ ಒಪ್ಪದೆ ಹೋರಾಡಿತು. 2017ರಲ್ಲಿ ಅದಕ್ಕೆ 88 ಕೋಟಿ ಯೂರೊಗಳ ದಂಡ ಬಿದ್ದಿತು. ಮೇಲ್ಮನವಿಯು 2024ರಲ್ಲಿ ಅಂತಿಮವಾಗಿ ತಿರಸ್ಕೃತವಾಯಿತು.

ಕರ್ನಾಟಕದಲ್ಲಿ

ಸ್ಕಾನಿಯಾ 2010ರ ದಶಕದಲ್ಲಿ ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಟ್ರಕ್ ಮತ್ತು ಬಸ್ಸುಗಳ ಕಾರ್ಖಾನೆಯನ್ನು ಸ್ಥಾಪಿಸಿತು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ‘ಐರಾವತ ಡೈಮಂಡ್ ಕ್ಲಾಸ್’ ಸೇವೆಯಲ್ಲಿ ಓಡಿದ ಬಸ್ಸುಗಳು ಈ ಕಂಪನಿಯವು. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಅದೇ ಹೆದ್ದಾರಿಯಲ್ಲಿ, ನರಸಾಪುರಕ್ಕಿಂತ ಮೊದಲು ಸಿಗುವ ಹೊಸಕೋಟೆಯಲ್ಲಿ ವೋಲ್ವೋ ಕಾರ್ಖಾನೆಯಿದೆ. ಸ್ವೀಡನ್ನಿನ ಎರಡು ಹಳೆಯ ಪ್ರತಿಸ್ಪರ್ಧಿಗಳು ಕೆಲವು ವರ್ಷ ಇಲ್ಲಿ ನೆರೆಹೊರೆಯವರಾಗಿದ್ದರು. ನಿರೀಕ್ಷಿತ ಬೇಡಿಕೆ ಬಾರದೆ 2018ರಲ್ಲಿ ಸ್ಕಾನಿಯಾ ನರಸಾಪುರದ ಬಸ್ ತಯಾರಿಕೆಯನ್ನು ನಿಲ್ಲಿಸಿತು.